ನಿಮ್ಮ ಪಿಬಿ ಲೆಕ್ಕಕ್ಕೆ ಬರುತ್ತದೆಯೇ?

ಜನವರಿಯ ಮೂರನೆಯ ಭಾನುವಾರ ಮುಂಬಯಿ ಮ್ಯಾರಥಾನ್ ಮುಗಿಯಿತೆಂದರೆ, ಮುಂದಿನ ಒಂದು ವಾರ ಇಲ್ಲಿನ ಓಟಗಾರರ ವಾಟ್ಸಾಪ್ ಗುಂಪುಗಳಲ್ಲಿ ಲೆಕ್ಕದ ಜಗಳ ತಪ್ಪಿದ್ದಲ್ಲ. ನಮ್ಮ ಕನ್ನಡಿಗರ ಗುಂಪಿನಲ್ಲಿ ಈ ಸಲ ಅದನ್ನು ಎಬ್ಬಿಸಿದವರು ಡೊಂಬಿವಿಲಿಯ ಬ್ಯಾಂಕ್ ಉದ್ಯೋಗಿಯೊಬ್ಬರು. ಅರ್ಧ ಮ್ಯಾರಥಾನನ್ನು ಎರಡು ಗಂಟೆಯೊಳಗೆ ಮುಗಿಸಬೇಕೆಂಬುದು ಅವರ ಬಹುದಿನದ ಹಟ. ಅವರ ಕೈಗಡಿಯಾರದ ಪ್ರಕಾರ 21.1 ಕಿಲೋಮೀಟರ್ ಮುಗಿದದ್ದು 1:59:40ಕ್ಕೆ. ಸಂಘಟಕರ ಪ್ರಮಾಣಪತ್ರ ಹೇಳಿದ್ದು 2:00:58. ಮುಕ್ತಾಯದ ಗೆರೆ ದಾಟುವ ಹೊತ್ತಿಗೆ ಗಡಿಯಾರ 21.33 ಕಿಲೋಮೀಟರ್ ತೋರಿಸುತ್ತಿತ್ತು. "ಹೆಚ್ಚುವರಿ ಇನ್ನೂರಮೂವತ್ತು ಮೀಟರ್ ಓಡಿಸಿದ್ದು ಅವರು, ದಂಡ ನನಗೇಕೆ ಮಾರಾಯರೇ?" ಎಂದು ಅವರು ಬರೆದರು. ಗುಂಪಿನ ಅರ್ಧ ಜನ ಅಭಿನಂದನೆ ಹೇಳಿದರು. ಉಳಿದರ್ಧ ಜನ ಮುಂದಿನ ಭಾನುವಾರ ಮಾಟುಂಗಾದ ಹೋಟೆಲಿನಲ್ಲಿ ಇಡ್ಲಿ-ವಡೆ ಬರುವುದನ್ನು ಕಾಯುತ್ತಾ ಅವರನ್ನು ತರಾಟೆಗೆ ತೆಗೆದುಕೊಂಡರು.

ವೈಯಕ್ತಿಕ ದಾಖಲೆ, ಎಂದರೆ ಒಂದು ದೂರಕ್ಕೆ ಒಬ್ಬರ ಈವರೆಗಿನ ಅತಿ ವೇಗದ ಸಮಯ, ಓಟಗಾರರ ಬಾಯಲ್ಲಿ ಪಿಬಿ (ಪರ್ಸನಲ್ ಬೆಸ್ಟ್), ಯಾರ ಅಪ್ಪಣೆಯೂ ಬೇಡದ ಒಂದು ಅಂಕಿ. ವಿಶ್ವದಾಖಲೆಗೆ ನಿಯಮಾವಳಿ ಇದೆ, ಪರಿಶೀಲನೆ ಇದೆ, ಅನುಮೋದಿಸುವ ಸಂಸ್ಥೆ ಇದೆ. ಪಿಬಿಗೆ ಇವು ಯಾವುವೂ ಇಲ್ಲ. ಹೀಗಾಗಿ ಪ್ರತಿಯೊಬ್ಬರೂ ದಾಖಲೆಯ ನಿಯಮಗಳಲ್ಲಿ ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾರೆ, ಎದುರಿನವನ ಸಮಯವನ್ನು ತಳ್ಳಿಹಾಕಲು ಉಳಿದವನ್ನು ಬಳಸುತ್ತಾರೆ. ನನ್ನ ಪಕ್ಷ ಇಷ್ಟು: ಎರಡು ವಿಷಯಗಳಲ್ಲಿ ರಾಜಿಯಿಲ್ಲ. ದೂರವನ್ನು ಓಡುವವನಲ್ಲದೆ ಬೇರೆಯವರು ಸರಿಯಾಗಿ ಅಳೆದಿರಬೇಕು. ಗೆರೆಯಿಂದ ಗೆರೆಯವರೆಗೆ ಓಡಿದ ಕಾಲು ನಿಮ್ಮದೇ ಆಗಿರಬೇಕು. ಮಿಕ್ಕ ಇಳಿಜಾರು, ಗಾಳಿ, ಶೂ, ಜೊತೆಗೆ ಓಡಿ ವೇಗ ಹಿಡಿದುಕೊಡುವ ಪೇಸರ್ ಎಲ್ಲವನ್ನೂ ಸಮಯದ ಜೊತೆಗೇ ಹೇಳಿಬಿಟ್ಟರೆ ಸಾಕು, ಅವುಗಳಿಗಾಗಿ ಸಮಯವನ್ನು ಅಳಿಸಬೇಕಿಲ್ಲ.

ಮೊದಲು ದೂರದ ಮಾತು. ಇದರಲ್ಲಿ ಗೊಂದಲವೂ ಹೆಚ್ಚು, ಸ್ವಾರಸ್ಯವೂ ಹೆಚ್ಚು.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಅರ್ಧ ಮ್ಯಾರಥಾನ್ ಎಂದರೆ 21.0975. ಈ ದೂರವನ್ನು ರಸ್ತೆಯ ಮೇಲೆ ಅಳೆಯುವುದು ಉಪಗ್ರಹದಿಂದ ಅಲ್ಲ, ಕಾರಿನ ಮೀಟರಿನಿಂದಲೂ ಅಲ್ಲ, ಸೈಕಲ್ಲಿನಿಂದ. ಅದರ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರವನ್ನು ಜೋಡಿಸುತ್ತಾರೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಅಲನ್ ಜೋನ್ಸ್ ರೂಪಿಸಿದ ಸಾಧನ ಅದು. ಚಕ್ರ ಒಂದು ಸುತ್ತು ಹಾಕಿದರೆ ಅದರ ಅಂಕಿ ಇಪ್ಪತ್ತಮೂರಕ್ಕಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ; ಅಂದರೆ ಒಂದೊಂದು ಅಂಕಿಯೂ ಹತ್ತು ಸೆಂಟಿಮೀಟರಿಗಿಂತ ಕಡಿಮೆ ದೂರ. ಅಳೆಯುವವರು ಮೊದಲು ಉಕ್ಕಿನ ಟೇಪಿನಿಂದ ಮುನ್ನೂರು, ನಾನೂರು ಮೀಟರಿನ ನೇರ ತುಂಡೊಂದನ್ನು ಗುರುತು ಮಾಡಿಕೊಂಡು, ಅದರ ಮೇಲೆ ನಾಲ್ಕು ಬಾರಿ ಸೈಕಲ್ ಓಡಿಸಿ, ಕಿಲೋಮೀಟರಿಗೆ ಎಷ್ಟು ಅಂಕಿ ಎಂದು ಲೆಕ್ಕ ಹಾಕುತ್ತಾರೆ. ಮಾರ್ಗವನ್ನೆಲ್ಲ ಅಳೆದು ಮುಗಿದ ಮೇಲೆ ಅದೇ ತುಂಡಿಗೆ ಮರಳಿ ಮತ್ತೆ ನಾಲ್ಕು ಬಾರಿ. ಏಕೆಂದರೆ ಈ ನಡುವೆ ಟೈರು ಬದಲಾಗಿರುತ್ತದೆ. ಬಿಸಿಲೇರಿದರೆ ಅದು ಉಬ್ಬಿ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಹೆಚ್ಚು ದೂರ ಹೋಗುತ್ತದೆ. ಸಣ್ಣ ಪಂಚರಾಗಿ ಗಾಳಿ ಇಳಿಯುತ್ತಿದ್ದರಂತೂ ಅಂಕಿಗಳು ಬೇಗ ತುಂಬಿ ಇಡೀ ಮಾರ್ಗವೇ ಗಿಡ್ಡವಾಗಿಬಿಡುತ್ತದೆ.

ಅಳೆಯುವುದು ಓಟಗಾರನಿಗೆ ಸಾಧ್ಯವಿರುವ ಅತಿ ಹತ್ತಿರದ ದಾರಿಯನ್ನು: ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಮಾತ್ರ ಬಿಟ್ಟು, ಎಡ ತಿರುವಿನಿಂದ ಬಲ ತಿರುವಿಗೆ ರಸ್ತೆಯನ್ನು ಕರ್ಣರೇಖೆಯಲ್ಲಿ ಕತ್ತರಿಸಿ. ಇಷ್ಟೆಲ್ಲ ಆದ ಮೇಲೆ ಕಿಲೋಮೀಟರಿಗೆ ಒಂದು ಮೀಟರಿನಂತೆ ಬೇಕೆಂದೇ ಸೇರಿಸುತ್ತಾರೆ. ತರಕಾರಿಯವಳು ತೂಕದ ಮೇಲೆ ಹಾಕುವ ಕೊಸರಿನ ಹಾಗೆ ಇದು. ಮತ್ತೆ ಅಳೆದರೂ ಕಡಿಮೆ ಬರಬಾರದು ಎಂಬ ಎಚ್ಚರಿಕೆ. ಅರ್ಧ ಮ್ಯಾರಥಾನಿಗೆ 21 ಮೀಟರ್ ಕೊಸರು, ಪೂರ್ಣಕ್ಕೆ 42.

ಡೊಂಬಿವಿಲಿಯವರ 230 ಮೀಟರಿನ ಗುಟ್ಟು ಇಲ್ಲಿ ಬಯಲಾಗುತ್ತದೆ. ಒಂದಷ್ಟು ಕೊಸರು. ಒಂದಷ್ಟು ಅವರೇ ಅಡ್ಡಾದಿಡ್ಡಿ ಓಡಿದ್ದು: ನೀರಿನ ಮೇಜಿಗೆ ಎಡಕ್ಕೆ, ಪರಿಚಯದವರ ಕ್ಯಾಮೆರಾಕ್ಕೆ ಬಲಕ್ಕೆ, ನಿಧಾನ ಓಡುವವರನ್ನು ಸುತ್ತಿ ಮುಂದಕ್ಕೆ. ಉಳಿದದ್ದು ಗಡಿಯಾರದ ಕಲ್ಪನೆ. ಜಿಪಿಎಸ್ ನಿಮ್ಮ ಜಾಗವನ್ನು ಕೆಲವು ಮೀಟರ್ ಆಚೀಚೆ ಗುರುತಿಸುತ್ತದೆ. ಆಚೀಚೆಯ ಆ ಚುಕ್ಕಿಗಳನ್ನು ಸೇರಿಸಿದ ಗೆರೆ ಅಂಕುಡೊಂಕಾಗಿ, ನೀವು ನಿಜಕ್ಕೂ ಓಡಿದ್ದಕ್ಕಿಂತ ಉದ್ದವಾಗುತ್ತದೆ. ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆಯ ತೆರೆದ ಆಕಾಶದಲ್ಲಿ ಈ ತಪ್ಪು ಕಡಿಮೆ, ಪೆಡರ್ ರೋಡಿನ ಗಗನಚುಂಬಿಗಳ ನಡುವೆ ಹೆಚ್ಚು. ಹಾಗಾಗಿ ಆ್ಯಪ್ ನಿಮಗೆ ಅಭಿನಂದನೆ ಹೇಳಿ ಚಿನ್ನದ ಬಣ್ಣದ ಪದಕ ತೋರಿಸುವುದು ಮುಕ್ತಾಯದ ಗೆರೆ ಇನ್ನೂ ಕಣ್ಣಿಗೂ ಬೀಳದಿರುವಾಗ! ಓಟದ ಸ್ಪರ್ಧೆ ಗಡಿಯಾರದ 21.1ಕ್ಕೆ ಮುಗಿಯುವುದಿಲ್ಲ. ಅವರ ಪಿಬಿ 2:00:58. ಮಾಟುಂಗಾದಲ್ಲಿ ನಾನು ಇದನ್ನೇ ಹೇಳಿದೆ, ಅವರು ಚಟ್ನಿಯ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

ದೂರದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆಂದರೆ, ಇಲ್ಲಿ ಸಡಿಲ ಬಿಟ್ಟರೆ ದೊಡ್ಡವರೂ ಜಾರುತ್ತಾರೆ. 1981ರಲ್ಲಿ ಆಲ್ಬರ್ಟೊ ಸಲಜಾರ್ ನ್ಯೂಯಾರ್ಕಿನಲ್ಲಿ 2:08:13ರ ವಿಶ್ವದಾಖಲೆ ಮಾಡಿದರೆಂದು ಜಗತ್ತು ನಂಬಿತ್ತು. ಕೆಲವು ವರ್ಷಗಳ ನಂತರ ಮಾರ್ಗವನ್ನು ಮತ್ತೆ ಅಳೆದಾಗ ಅದು ಸುಮಾರು 150 ಮೀಟರ್ ಕಡಿಮೆ ಇತ್ತು, ದಾಖಲೆ ಹೋಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 2013, 2014, 2015ರ ಮೂರು ಮ್ಯಾರಥಾನ್‌ಗಳು 380 ಮೀಟರ್ ಗಿಡ್ಡವಾಗಿದ್ದವೆಂದು ಆಮೇಲೆ ತಿಳಿದು, ಸುಮಾರು 24,000 ಜನರ ಸಮಯ ಅಸಿಂಧುವಾಯಿತು. ನಾಲ್ಕು ಗಂಟೆಯ ಓಟಗಾರನಿಗೆ 380 ಮೀಟರ್ ಎಂದರೆ ಎರಡು ನಿಮಿಷಕ್ಕೂ ಮಿಕ್ಕಿದ ಮಾತು. ಅವರಲ್ಲಿ ಒಬ್ಬನೂ ಮೋಸ ಮಾಡಿರಲಿಲ್ಲ, ಶ್ರಮದಲ್ಲಿ ಕೊರತೆಯಿರಲಿಲ್ಲ. ಆದರೂ ಆ ಸಮಯ ಮ್ಯಾರಥಾನಿನ ಸಮಯವಲ್ಲ. ಬ್ಯಾಂಕಾಕಿನಲ್ಲಿ 2015ರಲ್ಲಿ ಇದರ ತಿರುಗುಮುರುಗು: ಅರ್ಧ ಮ್ಯಾರಥಾನ್ ಓಡಲು ಹೋದವರನ್ನು ತಪ್ಪು ತಿರುವಿನಿಂದಾಗಿ ಸುಮಾರು ಆರು ಕಿಲೋಮೀಟರ್ ಹೆಚ್ಚು ಓಡಿಸಿದರು. ಆ ದಿನ ಪಿಬಿ ಆಗಬೇಕಿದ್ದವರ ಶಾಪ ಸಂಘಟಕರಿಗೆ ತಟ್ಟದೆ ಇರಲಿಲ್ಲ.

ಸಮಯವನ್ನು ಎಲ್ಲಿಂದ ಎಣಿಸಬೇಕು ಎಂಬುದು ಸಣ್ಣ ಪ್ರಶ್ನೆ. ಮುಂದಿನ ಸಾಲಿನ ವೃತ್ತಿಪರರಿಗೆ ಆರಂಭದ ಬಂದೂಕು ಸಿಡಿದ ಕ್ಷಣದಿಂದ. ಸ್ಥಾನಗಳು, ದಾಖಲೆಗಳು ಆ ಸಮಯದಿಂದಲೇ ತೀರ್ಮಾನ. ಸಾವಿರಾರು ಜನರ ಹಿಂದೆ ನಿಂತು, ಗೆರೆಯ ಬಳಿ ಬರುವುದಕ್ಕೇ ಹಲವು ನಿಮಿಷ ತೆಗೆದುಕೊಳ್ಳುವ ನಮಗೆ, ನಾವು ಗೆರೆ ದಾಟಿದ ಕ್ಷಣದಿಂದ ಎಣಿಸುವ ಚಿಪ್ ತೋರಿಸುವ ಸಮಯವೇ ನ್ಯಾಯ. ಆದರೆ ಗೆರೆ ದಾಟಿದ ಮೇಲೆ ಎಲ್ಲವೂ ಲೆಕ್ಕವೇ: ಮೊಬೈಲ್ ಶೌಚಾಲಯದ ಸಾಲು, ಲೇಸ್ ಕಟ್ಟಿಕೊಂಡದ್ದು, ಸೆಲ್ಫಿ. ಮರೀನ್ ಡ್ರೈವಿನಲ್ಲಿ ಒಬ್ಬರೇ ಓಡಿ, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಗಡಿಯಾರ ತಾನಾಗಿ ನಿಲ್ಲುವ ವ್ಯವಸ್ಥೆ ಮಾಡಿಕೊಂಡು, ಕೊನೆಗೆ ಬಂದ ಅಂಕಿಯನ್ನು ಪಿಬಿ ಎನ್ನುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ತರಬೇತಿ, ಒಳ್ಳೆಯ ತರಬೇತಿ.

ಈಗ ದಾಖಲೆಯ ನಿಯಮಾವಳಿಗೆ ಬರೋಣ. ಅಂತರರಾಷ್ಟ್ರೀಯ ಸಂಸ್ಥೆಯಾದ ವಿಶ್ವ ಅಥ್ಲೆಟಿಕ್ಸ್ ರಸ್ತೆ ಓಟದ ದಾಖಲೆಗೆ ಎರಡು ಮುಖ್ಯ ಷರತ್ತುಗಳನ್ನು ಹಾಕಿದೆ. ಆರಂಭ ಮತ್ತು ಮುಕ್ತಾಯದ ನಡುವಿನ ನೇರ ಅಂತರ ಓಟದ ದೂರದ ಅರ್ಧಕ್ಕಿಂತ ಹೆಚ್ಚಿರಬಾರದು. ಆರಂಭಕ್ಕಿಂತ ಮುಕ್ತಾಯ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ತಗ್ಗಿನಲ್ಲಿರಬಾರದು. ಮ್ಯಾರಥಾನಿಗಾದರೆ 42 ಮೀಟರ್. ಮೊದಲನೆಯದು ಉದ್ದಕ್ಕೂ ಬೆನ್ನ ಹಿಂದಿನಿಂದ ತಳ್ಳುವ ಗಾಳಿಯ ಲಾಭವನ್ನು ತಪ್ಪಿಸಲು, ಎರಡನೆಯದು ಇಳಿಜಾರಿನ ಲಾಭವನ್ನು.

ಇದನ್ನು ಮುಂಬಯಿಗೆ ಅನ್ವಯಿಸಿ ನೋಡಿ. ಪೂರ್ಣ ಮ್ಯಾರಥಾನ್ ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿ ಹೊರಟು ಅಲ್ಲಿಗೇ ಮರಳುವುದರಿಂದ ಏನೂ ತೊಡಕಿಲ್ಲ. ಆದರೆ ಮಾಹಿಮಿನ ರೇತಿ ಬಂದರಿನಿಂದ ಹೊರಟು, ಸೀ ಲಿಂಕ್ ದಾಟಿ, ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಮುಗಿಯುವ ಅರ್ಧ ಮ್ಯಾರಥಾನ್ ಮಾರ್ಗವನ್ನು ನಕಾಶೆಯಲ್ಲಿ ತೆಗೆದು ಎರಡು ತುದಿಗಳ ನಡುವೆ ನೇರ ಗೆರೆ ಎಳೆಯಿರಿ. ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಬರುತ್ತದೆ. 21.0975ರ ಅರ್ಧ ಹತ್ತೂವರೆ ಮಾತ್ರ. ಎಂದರೆ ಆ ಮಾರ್ಗದಲ್ಲಿ ಯಾರಾದರೂ ವಿಶ್ವದಾಖಲೆಯ ವೇಗದಲ್ಲಿ ಓಡಿದರೂ ಅದು ಪುಸ್ತಕಕ್ಕೆ ಸೇರುವಂತಿಲ್ಲ. ಹಾಗೆಂದು ಮೀರಾ ರೋಡಿನಿಂದ ಮುಲುಂಡಿನವರೆಗಿನ ಉಪನಗರಗಳಿಂದ ಬಂದು ಆ ಮಾರ್ಗದಲ್ಲಿ ಪಿಬಿ ಮಾಡಿದ ಜನರೆಲ್ಲ ತಮ್ಮ ಪ್ರಮಾಣಪತ್ರಗಳನ್ನು ರದ್ದಿಗೆ ಹಾಕಬೇಕೇ? ಹಾಗೆ ಯಾರೂ ವಾದಿಸಿದ್ದನ್ನು ನಾನು ಕೇಳಿಲ್ಲ. ಬೇರೆಯವರ ಪಿಬಿಯನ್ನು ಅಲ್ಲಗಳೆಯಲು "ಆ ಮಾರ್ಗ ದಾಖಲೆಗೆ ಅರ್ಹವಲ್ಲ" ಎಂದು ಗುಡುಗುವವರು, ತಮ್ಮದು ಆದದ್ದು ಎಲ್ಲಿ ಎಂದು ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಈ ಎರಡೂ ಷರತ್ತುಗಳಲ್ಲಿ ಸೋಲುವ ಅತಿ ಪ್ರಸಿದ್ಧ ಓಟ ಬಾಸ್ಟನ್. ಊರಿಂದೂರಿಗೆ ಒಂದೇ ದಿಕ್ಕಿನಲ್ಲಿ ಸಾಗುವ ಮಾರ್ಗ, ಒಟ್ಟು ಇಳಿತ ಸುಮಾರು 140 ಮೀಟರ್. 2011ರಲ್ಲಿ ಬೆನ್ನಿಗೆ ಬಲವಾದ ಗಾಳಿಯಿದ್ದ ದಿನ ಜೆಫ್ರಿ ಮುತಾಯಿ ಅಲ್ಲಿ 2:03:02ರಲ್ಲಿ ಗೆದ್ದರು. ಆಗ ಹೈಲೆ ಗೆಬ್ರ್‌ಸೆಲಾಸಿಯವರ ವಿಶ್ವದಾಖಲೆ 2:03:59 ಇತ್ತು. ಮುತಾಯಿ ಅದಕ್ಕಿಂತ ಸುಮಾರು ಒಂದು ನಿಮಿಷ ಮುಂದೆ ಬಂದರೂ ದಾಖಲೆಯಾಗಲಿಲ್ಲ. ಅದು ಸರಿಯಾದ ನಿರ್ಧಾರವೇ. ಆದರೆ ಅಂದು ಆ ದೂರವನ್ನು ಆ ಸಮಯದಲ್ಲಿ ಕ್ರಮಿಸಿದ್ದು ಮುತಾಯಿಯೇ ಎಂಬುದನ್ನು ಯಾವ ನಿಯಮವೂ ಅಳಿಸಲಾರದು. ವಿಶ್ವದಾಖಲೆ ಎಂದರೆ ಬೇರೆ ಬೇರೆ ಮನುಷ್ಯರನ್ನು ಬೇರೆ ಬೇರೆ ಊರುಗಳಲ್ಲಿ ಹೋಲಿಸುವುದು. ಅಲ್ಲಿ ನೆಲವನ್ನು ಸಮ ಮಾಡಲೇಬೇಕು. ಪಿಬಿಯಲ್ಲಿ ಹೋಲಿಕೆ ಒಬ್ಬನ ಎರಡು ದಿನಗಳ ನಡುವೆ. ಅವನಿಗೆ ತನ್ನ ಎರಡು ದಿನಗಳ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿರುತ್ತದೆ, ಅವನು ಮರೆತಂತೆ ನಟಿಸದಿದ್ದರೆ.

ತೊಡಕು ಶುರುವಾಗುವುದು ಪಿಬಿಯನ್ನು ಕೊಟ್ಟು ಬದಲಿಗೆ ಏನನ್ನೋ ಪಡೆಯುವಾಗ. ಮುಂಬಯಿಯಲ್ಲಿ ಆರಂಭದ ಗೆರೆಗೆ ಹತ್ತಿರದ ವಿಭಾಗದಲ್ಲಿ ನಿಲ್ಲಲು ಹಳೆಯ ಓಟದ ಪ್ರಮಾಣಪತ್ರ ಬೇಕು. ಬಾಸ್ಟನ್‌ನಲ್ಲಿ ಸ್ಥಾನ ಸಿಗಲು ವಯಸ್ಸಿಗೆ ತಕ್ಕ ಅರ್ಹತಾ ಸಮಯ ಬೇಕು, ಅದಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸುವವರು ನಮ್ಮ ಶಿವಾಜಿ ಪಾರ್ಕಿನಲ್ಲೂ ಇದ್ದಾರೆ. ಅಮೆರಿಕದಲ್ಲಿ ಬೆಟ್ಟದ ತಲೆಯಿಂದ ಕಣಿವೆಗೆ ಇಳಿಯುವ ಮ್ಯಾರಥಾನ್‌ಗಳು ಈ ಬೇಡಿಕೆಯಿಂದಲೇ ಬೆಳೆದವು. ಮಾರ್ಗ ಸರಿಯಾಗಿ ಅಳೆದದ್ದು, ಓಡಿದ್ದೂ ಸ್ವಂತ ಕಾಲಿನಲ್ಲಿ, ಆದರೆ ನೂರಾರು ಮೀಟರ್ ಇಳಿತ. ಬಾಸ್ಟನ್ ಸಂಘಟಕರು ಕೊನೆಗೂ ಎಚ್ಚೆತ್ತು, 2027ರ ಓಟದಿಂದ ಹೊಸ ನಿಯಮ ತಂದಿದ್ದಾರೆ: ಒಟ್ಟು ಇಳಿತ ಸುಮಾರು 457 ಮೀಟರ್ ದಾಟಿದರೆ ನಿಮ್ಮ ಸಮಯಕ್ಕೆ ಐದು ನಿಮಿಷ ಕೂಡಿಸುತ್ತಾರೆ, 914 ದಾಟಿದರೆ ಹತ್ತು ನಿಮಿಷ, 1,829 ದಾಟಿದರೆ ಆ ಸಮಯವನ್ನು ಪರಿಗಣಿಸುವುದೇ ಇಲ್ಲ. ಬಾಸ್ಟನ್ನಿನ ಸ್ವಂತ 140 ಮೀಟರ್ ಈ ಜಾಲರಿಯಲ್ಲಿ ಸಿಕ್ಕಿಬೀಳುವುದಿಲ್ಲ ಎಂಬುದು ಬೇರೆ ಮಾತು. ನಮ್ಮಲ್ಲಿ ಯಾರಾದರೂ ಆರುನೂರು ಮೀಟರಿಗೂ ಎತ್ತರದ ಆಗುಂಬೆಯಿಂದ ಹೊರಟು, ಹದಿನಾಲ್ಕು ತಿರುವು ಇಳಿದು, ಸೋಮೇಶ್ವರ ದಾಟಿ ಕರಾವಳಿಯತ್ತ ಓಡುವ ಮ್ಯಾರಥಾನ್ ಏರ್ಪಡಿಸಿದರೆ ಅದಕ್ಕೂ ಐದು ನಿಮಿಷದ ದಂಡ ಬೀಳಬಹುದು. ಆ ದಂಡ ಬಾಸ್ಟನ್ನಿನ ಸ್ಥಾನಕ್ಕೆ ಮಾತ್ರ. ಇಳಿದವನ ಡೈರಿಯಲ್ಲಿ ಪಿಬಿ ಹಾಗೆಯೇ ಇರಲಿ, ಪಕ್ಕದಲ್ಲಿ 'ಆಗುಂಬೆ ಇಳಿತ' ಎಂದು ಬರೆದುಕೊಳ್ಳಲಿ. ಆ ಪಕ್ಕದ ಬರಹವನ್ನು ಬಿಟ್ಟು ಅಂಕಿಯನ್ನಷ್ಟೇ ಊರಿಗೆಲ್ಲ ಸಾರುವವನ ಬಗ್ಗೆ ನನ್ನ ತಕರಾರು.

ಹೀಗೆ ಪಕ್ಕದಲ್ಲಿ ಬರೆದಿಡುವುದು ನನ್ನ ಕಲ್ಪನೆಯೇನಲ್ಲ, ಅಂತರರಾಷ್ಟ್ರೀಯ ಸಂಸ್ಥೆಯೇ ಕೊನೆಗೆ ಆ ದಾರಿ ಹಿಡಿದಿದೆ. ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ನಿನಲ್ಲಿ ಪುರುಷ ಪೇಸರ್‌ಗಳ ಜೊತೆ 2:15:25 ಓಡಿದ್ದರು. ಮಹಿಳೆಯರಷ್ಟೇ ಓಡಿದ ಸ್ಪರ್ಧೆಯಲ್ಲದ್ದು ದಾಖಲೆಯಲ್ಲ ಎಂದು 2011ರಲ್ಲಿ ಅದನ್ನು ಕೆಳಗಿಳಿಸಲು ಹೊರಟಾಗ ಎದ್ದ ಗದ್ದಲಕ್ಕೆ ಸಂಸ್ಥೆ ಹಿಂದೆ ಸರಿಯಿತು. ಈಗ ಮಿಶ್ರ ಸ್ಪರ್ಧೆಯ ದಾಖಲೆ ಒಂದು, ಮಹಿಳೆಯರಷ್ಟೇ ಇರುವ ಸ್ಪರ್ಧೆಯದು ಇನ್ನೊಂದು, ಎರಡೂ ಪುಸ್ತಕದಲ್ಲಿವೆ. ಎಲಿಯುಡ್ ಕಿಪ್‌ಚೋಗೆಯವರ ವಿಯೆನ್ನಾ ಓಟಕ್ಕೆ ಮಾತ್ರ ಈ ಉದಾರತೆ ಸಿಗಲಿಲ್ಲ. 2019ರ ಅಕ್ಟೋಬರ್ 12ರಂದು 41 ಪೇಸರ್‌ಗಳು ಸರದಿಯಲ್ಲಿ ಗಾಳಿಗೆ ಅಡ್ಡಲಾಗಿ ಓಡಿ, ಮುಂದಿನ ಕಾರು ರಸ್ತೆಯ ಮೇಲೆ ಲೇಸರ್ ಗೆರೆ ಹಾಯಿಸಿ, ಅವರು 1:59:40ರಲ್ಲಿ ಮುಗಿಸಿದರು. ಅಧಿಕೃತ ಪಟ್ಟಿಯಲ್ಲಿ ಅವರ ಪಿಬಿ ಇಂದಿಗೂ 2022ರ ಬರ್ಲಿನ್ನಿನ 2:01:09. ನನ್ನನ್ನು ಕೇಳಿದರೆ ಅವರು ಓಡಿದ ಅತಿ ವೇಗದ ಮ್ಯಾರಥಾನ್ ವಿಯೆನ್ನಾದ್ದೇ. ದೂರ ಸರಿಯಿತ್ತು, ಕಾಲು ಅವರದೇ, ಸಹಾಯವನ್ನು ಯಾರೂ ಮುಚ್ಚಿಡಲಿಲ್ಲ. ನಾವು ಎರಡು ಗಂಟೆಯ ಬಸ್ ಎಂದು ಕರೆಯುವ ಪೇಸರ್ ಗುಂಪಿಗೆ ಅಂಟಿಕೊಂಡು ಓಡುವುದೂ ಇದೇ ಸಹಾಯದ ಬಡ ಆವೃತ್ತಿ.

ಶೂಗಳ ಗಲಾಟೆಗೆ ಮುಂಬಯಿಯ ನಂಟೂ ಇದೆ. ಇಥಿಯೋಪಿಯಾದ ಡೆರಾರಾ ಹುರಿಸಾ 2020ರಲ್ಲಿ ಇಲ್ಲಿ 2:08:09ರ ಅಂದಿನ ಕೂಟ ದಾಖಲೆಯೊಂದಿಗೆ ಗೆದ್ದದ್ದು ಸಹ ಓಟಗಾರನಿಂದ ಕೇಳಿ ಪಡೆದ ಶೂಗಳಲ್ಲಿ. ಅವರದು ಪ್ರಯಾಣದಲ್ಲಿ ಕಳೆದುಹೋಗಿತ್ತು. ಮರುವರ್ಷ ವಿಯೆನ್ನಾ ಮ್ಯಾರಥಾನಿನಲ್ಲಿ ಅದೇ ಹುರಿಸಾ ಮೊದಲಿಗರಾಗಿ ಬಂದೂ ಅನರ್ಹರಾದರು. ಕಾರಣ ಮತ್ತೆ ಶೂ: ಅಟ್ಟೆಯ ದಪ್ಪ 5 ಸೆಂಟಿಮೀಟರ್, ಅನುಮತಿ ಇರುವುದು 4. ಒಂದು ಸೆಂಟಿಮೀಟರಿಗೆ ಒಂದು ಮ್ಯಾರಥಾನ್ ಹೋಯಿತು. ಅಟ್ಟೆಯೊಳಗೆ ಕಾರ್ಬನ್ ತಟ್ಟೆಯಿರುವ ಶೂಗಳ ಮೊದಲ ತಲೆಮಾರು ಓಡುವವರ ಶಕ್ತಿವ್ಯಯವನ್ನು ಸರಾಸರಿ ಶೇಕಡಾ 4ರಷ್ಟು ತಗ್ಗಿಸುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿತ್ತು; ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುತ್ತದೆ. ಈ ಶೂ ಹಾಕಿದವರ ಪಿಬಿ ಪಿಬಿಯೇ ಅಲ್ಲ ಎನ್ನುವ ಹಿರಿಯರು ನಮ್ಮ ಗುಂಪಿನಲ್ಲಿದ್ದಾರೆ. ಅವರ ಮಾತನ್ನು ಒಪ್ಪಿದರೆ ಬರಿಗಾಲಿನವರೆಗೂ ಹಿಂದಕ್ಕೆ ಹೋಗಬೇಕಾಗುತ್ತದೆ. ಅವರು ಅಲ್ಲಿಯವರೆಗೆ ಬರಲು ಸಿದ್ಧರಿಲ್ಲ.

ಇನ್ನು ಕಾಲು ಯಾರದು ಎಂಬ ಪ್ರಶ್ನೆ. ತಮಾಷೆಯೆನಿಸಿದರೂ ಮುಂಬಯಿಯಲ್ಲಿ ಇದು ನಿಜವಾದ ಸಮಸ್ಯೆ. ನೋಂದಣಿ ಬೇಗ ಮುಗಿಯುತ್ತದೆ, ಆಮೇಲೆ ಗಾಯ, ಮದುವೆ, ಆಫೀಸಿನ ಪ್ರವಾಸ ಬಂದು ಬಿಬ್‌ಗಳು, ಎಂದರೆ ಎದೆಗೆ ಸಿಕ್ಕಿಸುವ ನಂಬರಿನ ಚೀಟಿಗಳು, ಕೈ ಬದಲಾಯಿಸುತ್ತವೆ. ಉಪನಗರದ ಓಟವೊಂದರಲ್ಲಿ ಮಂಡಿನೋವಿನ ಹಿರಿಯರೊಬ್ಬರು ತಮ್ಮ ಬಿಬ್ಬನ್ನು ಸೋದರಳಿಯನಿಗೆ ಕೊಟ್ಟರು. ಹುಡುಗ ಒಂದೂಮುಕ್ಕಾಲು ಗಂಟೆಯೊಳಗೆ ಮುಗಿಸಿಬಿಟ್ಟ. ಸಂಜೆಯ ಹೊತ್ತಿಗೆ ಐವತ್ತೈದು ದಾಟಿದವರ ವಿಭಾಗದ ಮೇಲ್ಸಾಲಿನಲ್ಲಿ ಮಾವನ ಹೆಸರು! ಅಭಿನಂದನೆಯ ಕರೆಗಳಿಗೆ ಉತ್ತರಿಸಿ ಸುಸ್ತಾದ ಮಾವ ಸಂಘಟಕರಿಗೆ ಬರೆದು ಹೆಸರು ತೆಗೆಸಿದರು, ಅಳಿಯನಿಗೆ ಸಿಟ್ಟು ಬಂತು. "ಓಡಿದ್ದು ನಾನೇ ಅಲ್ಲವೇ ಮಾವ? ನನ್ನ ಪಿಬಿ ಎಲ್ಲಿ ಹೋಯಿತು?" ಅವನ ಪಿಬಿ ಎಲ್ಲಿಗೂ ಹೋಗಿಲ್ಲ, ದೂರ ಅಳೆದದ್ದಾಗಿದ್ದರೆ ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ಯಾವ ಅರ್ಜಿಯಲ್ಲೂ ಬರೆಯುವಂತಿಲ್ಲ, ಅಷ್ಟೇ. ಮಾವ ಅದನ್ನು ಇಟ್ಟುಕೊಂಡಿದ್ದರೆ ಆ ವಿಭಾಗದಲ್ಲಿ ಪ್ರಾಮಾಣಿಕವಾಗಿ ಓಡಿದ ಯಾರೋ ಒಬ್ಬರು ಒಂದು ಸ್ಥಾನ ಕೆಳಗೆ ಇಳಿಯುತ್ತಿದ್ದರು. ಇದಕ್ಕಿಂತ ಗಂಭೀರವಾದದ್ದು, ಹುಡುಗ ದಾರಿಯಲ್ಲಿ ಕುಸಿದುಬಿದ್ದಿದ್ದರೆ ಬಿಬ್ಬಿನ ಹಿಂದೆ ಬರೆದಿದ್ದ ಕಾಯಿಲೆಯ ವಿವರ, ಫೋನ್ ನಂಬರು ಎರಡೂ ಇನ್ನೊಬ್ಬರದಾಗಿರುತ್ತಿದ್ದವು.

ಮಾರ್ಗವನ್ನು ಕತ್ತರಿಸುವವರ ಬಗ್ಗೆ ವಾದಿಸುವುದೇನಿಲ್ಲ. ಮೆಕ್ಸಿಕೊ ಸಿಟಿಯಲ್ಲಿ 2023ರಲ್ಲಿ ಸುಮಾರು 11,000 ಜನ ದಾರಿ ನುಂಗಿದ ಅನುಮಾನಕ್ಕೆ ಸಿಕ್ಕಿ ಅನರ್ಹತೆ ಎದುರಿಸಿದರು. ಚಿಪ್ ಓದುವ ಚಾಪೆಗಳನ್ನು ದಾರಿಯ ಮಧ್ಯೆ ಹಾಸುವುದು ಇದಕ್ಕಾಗಿಯೇ.

ಮುಂಬಯಿಯವರಿಗೆ ತಮ್ಮದೇ ಆದ ಒಂದು ಕೊರಗಿದೆ, ಅದು ನ್ಯಾಯವಾದದ್ದು. ಹಾಜಿ ಅಲಿ ದಾಟಿದ ಮೇಲೆ ಪೆಡರ್ ರೋಡಿನ ಏರು ಪೂರ್ಣ ಮ್ಯಾರಥಾನಿನವರಿಗೆ ಎದುರಾಗುವುದು 35ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ. ಬಿಸಿಲು ಏರಿರುತ್ತದೆ, ಅಂಗಿ ಮೈಗೆ ಅಂಟಿರುತ್ತದೆ, ತೊಡೆ ಕಲ್ಲಾಗಿರುತ್ತದೆ. ಇಕ್ಕೆಲದ ಮನೆಗಳವರು ಕಿತ್ತಳೆ ತೊಳೆ, ಬಿಸ್ಕತ್ತು ಹಿಡಿದು ಹುರಿದುಂಬಿಸುತ್ತಾರೆ. ಅವರ ಮುಂದೆ ನಡೆಯಲು ನಾಚಿಕೆ, ಓಡಲು ಆಗದು. ಆದರೆ ಹೊರಟಲ್ಲಿಗೇ ಮರಳುವ ಮಾರ್ಗವಾದ್ದರಿಂದ, ನಕಾಶೆಯ ಲೆಕ್ಕದಲ್ಲಿ ಆರಂಭ ಮತ್ತು ಮುಕ್ತಾಯದ ನಡುವೆ ಇಳಿತವೂ ಸೊನ್ನೆ, ಏರಿಕೆಯೂ ಸೊನ್ನೆ. ಹೀಗಾಗಿ ಇಲ್ಲಿನ ಎಷ್ಟೋ ಓಟಗಾರರು ಎರಡು ಅಂಕಿಗಳನ್ನು ಇಟ್ಟುಕೊಳ್ಳುತ್ತಾರೆ: ದೆಹಲಿಯಲ್ಲೋ ಬರ್ಲಿನ್ನಿನಲ್ಲೋ ಮಾಡಿದ ಪಿಬಿ ಒಂದು, ಮುಂಬಯಿಯ ಪಿಬಿ ಇನ್ನೊಂದು. ರೈಲ್ವೆಯಿಂದ ನಿವೃತ್ತರಾದ ನಮ್ಮ ಗುಂಪಿನ ಹಿರಿಯರೊಬ್ಬರ ನೋಟುಬುಕ್ಕಿನಲ್ಲಿ ಪ್ರತಿ ಓಟದ ಎದುರಿಗೂ ಊರು, ಶೂ, ಬಿಸಿಲು, ಎಲ್ಲಿ ನಡೆದೆ ಎಂಬ ನಾಲ್ಕು ಕಲಂಗಳಿವೆ. ಬೆಂಗಳೂರಿನ 10 ಕಿಲೋಮೀಟರ್ ಓಟದ ಎದುರಿಗೆ 'ಎತ್ತರದ ಊರು, ಮೊದಲ ಕಿಲೋಮೀಟರಿಗೇ ಉಸಿರು ಹತ್ತಿತು' ಎಂದಿದೆ. ನಿಯಮಾವಳಿಗಿಂತ ಈ ನೋಟುಬುಕ್ಕು ನನಗೆ ಹೆಚ್ಚು ಉಪಯುಕ್ತವೆನಿಸಿದೆ.

ಇಷ್ಟಾದರೂ ಮೂಲದ ತೊಂದರೆ ಹಾಗೆಯೇ ಉಳಿಯುತ್ತದೆ. ದೊಡ್ಡ ಓಟಗಳನ್ನು ಬಿಟ್ಟರೆ, ಮಳೆಗಾಲ ಮುಗಿದ ಮೇಲೆ ಪ್ರತಿ ಭಾನುವಾರ ಒಂದಲ್ಲ ಒಂದು ಕಡೆ ನಡೆಯುವ ಸಣ್ಣ ಓಟಗಳ ಜಾಹೀರಾತಿನಲ್ಲಿ ಟಿ-ಶರ್ಟು, ಪದಕ, ಉಪಾಹಾರದ ವಿವರವೆಲ್ಲ ಇರುತ್ತದೆ. ಮಾರ್ಗವನ್ನು ಯಾರು, ಯಾವಾಗ, ಯಾವುದರಿಂದ ಅಳೆದರು ಎಂಬ ಒಂದು ಸಾಲು ಹುಡುಕಿದರೂ ಸಿಗುವುದು ಅಪರೂಪ. ಮೊಬೈಲ್ ಹಿಡಿದು ಸ್ಕೂಟರಿನಲ್ಲಿ ಸುತ್ತಿ ಬಂದು 21 ಕಿಲೋಮೀಟರ್ ಎಂದವರೂ ಇದ್ದಾರೆ. ಈ ಸಲ ನಮ್ಮ ಗುಂಪು ಶುಲ್ಕ ಕಟ್ಟುವ ಮುನ್ನ ಅಳತೆಯ ಪ್ರಮಾಣಪತ್ರದ ಪ್ರತಿ ಕೇಳಿ ಸಂಘಟಕರಿಗೆ ಬರೆಯುವುದೆಂದು ತೀರ್ಮಾನಿಸಿದೆ. ಒಂದು ಕಡೆಯಿಂದ ಉತ್ತರವೂ ಬಂದಿದೆ: ಮಾರ್ಗ 'ಅಂದಾಜು' 21 ಕಿಲೋಮೀಟರ್, ಟಿ-ಶರ್ಟಿನ ಅಳತೆ ದಯವಿಟ್ಟು ಇಂದೇ ತಿಳಿಸಿ.